ಮೌನಗಿತ್ತಿಯ ಹೊಟ್ಟೆ

ನಮ್ಮೂರಿನಲ್ಲಿ ಹೊಟ್ಟೆಗಳು ಮಾತಾಡುತ್ತವೆ. ಪರವೂರಿನಿಂದ ಬಂದವರು ಮೊದಲ ದಿನ ಬೆಚ್ಚಿಬೀಳುತ್ತಾರೆ, ವಾರ ಕಳೆಯುವಷ್ಟರಲ್ಲಿ ಸಾರಿಗೆ ಉಪ್ಪು ಸಾಲದು ಎಂದ ಪಕ್ಕದವನ ಹೊಟ್ಟೆಗೆ ತಾವೇ ಉಪ್ಪಿನ ಬಟ್ಟಲು ಸರಿಸಿಕೊಡುತ್ತಾರೆ. ಮಗುವಿಗೆ ಮೊದಲ ತುತ್ತು ಇಟ್ಟವರು ಯಾರೋ, ಆ ಮಗುವಿನ ಹೊಟ್ಟೆಗೆ ಬದುಕಿರುವ ತನಕ ಅವರದೇ ದನಿ. ಹಾಗಾಗಿ ಮಗುವಿಗೆ ಆರು ತಿಂಗಳಾಗುತ್ತಿದ್ದಂತೆ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ. ಹಾಡು ಬಲ್ಲ ಚಿಕ್ಕಮ್ಮಂದಿರಿಗೆ ಎಲ್ಲಿಲ್ಲದ ಬೇಡಿಕೆ, ಗೊಗ್ಗರು ದನಿಯ ಮಾವಂದಿರನ್ನು ಉಪಾಯವಾಗಿ ಅಂಗಡಿಗೆ ಅಟ್ಟುತ್ತಾರೆ. ತುತ್ತಿಟ್ಟವರು ಸತ್ತುಹೋದರೂ ದನಿ ಹೋಗುವುದಿಲ್ಲ. ನಮ್ಮ ಬೀದಿಯ ಒಬ್ಬಾಕೆ ತೀರಿಹೋದ ಗಂಡನ ದನಿ ಕೇಳಬೇಕೆಂದೇ ಮಗನಿಗೆ ಹೊತ್ತುಹೊತ್ತಿಗೂ ಬಿಸಿ ರೊಟ್ಟಿ ತಟ್ಟಿಕೊಡುತ್ತಾಳೆ. ಪಂಕ್ತಿಯಲ್ಲಿ ಕೂತರಂತೂ ಹೊಟ್ಟೆಗಳು ತಮ್ಮತಮ್ಮಲ್ಲೇ ಮಾತಿಗಿಳಿಯುತ್ತವೆ. ಒಂದು ಕೇಳಿದ್ದಕ್ಕೆ ಇನ್ನೊಂದು ಉತ್ತರ ಕೊಡುತ್ತದೆ, ನಾವು ನಡುವೆ ಬಾಯಿ ಹಾಕುವುದಿಲ್ಲ.

ಗಂಡಸರ ಹೊಟ್ಟೆ ಮಾತಾಡಿದರೆ ಮನೆಯಲ್ಲಿ ಸಮೃದ್ಧಿ ಇದೆ ಎನ್ನುತ್ತಾರೆ. ಹೆಂಗಸಿನ ಹೊಟ್ಟೆ ಮಾತಾಡಿದರೆ ಸಂಸ್ಕಾರ ಇಲ್ಲ ಎನ್ನುತ್ತಾರೆ. ಈ ನಿಯಮ ಮಾಡಿದವರ ಹೊಟ್ಟೆ ಯಾರ ದನಿಯಲ್ಲಿ ಮಾತಾಡುತ್ತಿತ್ತೋ ನನಗೆ ಗೊತ್ತಿಲ್ಲ, ಆದರೆ ಅದಕ್ಕಾಗಿ ಹುಟ್ಟಿಕೊಂಡದ್ದು ಬಿಳಿಯೂಟ. ಹೊಟ್ಟು ತೌಡು ಒಂದೂ ಉಳಿಯದಂತೆ ಪಾಲಿಶ್ ಮಾಡಿದ ಅಕ್ಕಿಯ ಸೋಸಿದ ಗಂಜಿ, ಮೈದಾದ ರಸ್ಕು, ಸಬ್ಬಕ್ಕಿ. ಕಾಳು, ಸೊಪ್ಪು, ರಾಗಿ, ಮಜ್ಜಿಗೆ ಇವೆಲ್ಲ ಹೊಟ್ಟೆಗೆ ಮಾತು ಕಲಿಸುವ ಪದಾರ್ಥಗಳು, ಆದ್ದರಿಂದ ಮುಟ್ಟುವಂತಿಲ್ಲ. ಸಿಹಿ ಮೊದಲೇ ಬೇಡ, ಸಿಹಿ ತಿಂದ ಹೊಟ್ಟೆ ಕಿಸಕ್ಕನೆ ನಗುತ್ತದೆ. ಒಂದು ತಿಂಗಳು ಬಿಳಿಯೂಟ ಮಾಡಿದರೆ ಎಂಥ ಬಾಯಿಬಡುಕ ಹೊಟ್ಟೆಯೂ ತೆಪ್ಪಗಾಗುತ್ತದೆ. ಹೆಂಗಸರು ಮಾಡುತ್ತಾರೆ. ಕಳ್ಳರೂ ಮಾಡುತ್ತಾರೆ. ನಮ್ಮೂರ ಪೊಲೀಸರು ಗಂಡಸೊಬ್ಬ ರಸ್ಕು ಕಟ್ಟಿಸಿಕೊಂಡು ಹೋಗುವುದನ್ನು ಕಂಡರೆ ಸುಮ್ಮನೆ ಹಿಂದೆ ನಡೆಯುತ್ತಾರೆ.

ನನ್ನ ಹೆಸರು ಶಿವನಂಜಮ್ಮ. ನನಗೆ ಮೊದಲ ತುತ್ತು ಇಟ್ಟವನು ನನ್ನ ಅಪ್ಪ. ಆ ದಿನ ಅವ್ವನಿಗೆ ಜ್ವರ, ಬರಬೇಕಿದ್ದ ಸೋದರತ್ತೆಯ ಗಾಡಿ ದಾರಿಯಲ್ಲಿ ಮುರಿದು ಕೂತಿತ್ತು, ಹೊತ್ತು ಮೀರುತ್ತದೆಂದು ಅಪ್ಪನೇ ಕೈತೊಳೆದು ಬಂದು ತುತ್ತಿಟ್ಟನಂತೆ. ಎತ್ತಿನ ಗಾಡಿ ಹೊಡೆಯುವವನು, ಮೂರು ಹೊಲದಾಚೆಗೆ ಕೇಳುವ ಗಂಟಲು. ನಾನು ತೀರಾ ಚಿಕ್ಕವಳಿದ್ದಾಗಲೇ ಹೋಗಿಬಿಟ್ಟ. ಅವನ ಮುಖ ನನಗೆ ನೆನಪಿಲ್ಲ, ಒಂದು ಪಟವೂ ಇಲ್ಲ. ದನಿ ಮಾತ್ರ ನನ್ನ ಹೊಟ್ಟೆಯಲ್ಲಿ ಉಳಿದಿತ್ತು. ಶಾಲೆಯಿಂದ ಬರುತ್ತಿದ್ದಂತೆ "ಉಂಡ್ಯೇನವ್ವಾ ನಂಜವ್ವ" ಎಂದು ಕೇಳುತ್ತಿತ್ತು. ಅಪ್ಪ ಇಲ್ಲದ ಹುಡುಗಿ ಎಂದು ಊರು ಮರುಕಪಟ್ಟರೆ ನನಗೆ ಅರ್ಥವಾಗುತ್ತಿರಲಿಲ್ಲ, ನನ್ನ ಅಪ್ಪ ನನ್ನ ಜೊತೆಗೇ ಇದ್ದನಲ್ಲ.

ಮದುವೆಯಾಗಿ ಬಂದ ಮೊದಲ ದಿನ, ಗಂಡನ ಮನೆಯ ಹಿರಿಯರೆಲ್ಲ ಊಟಕ್ಕೆ ಕೂತಿದ್ದಾಗ, ಹೊಸ ಸೊಸೆಯ ಸೆರಗಿನ ಹಿಂದಿನಿಂದ ಗಂಡಸಿನ ಗಡಸು ದನಿಯೊಂದು ಎದ್ದಿತು. "ಇನ್ನೊಂದು ಮುದ್ದೆ ಹಾಕಿ ತಾಯಿ, ನಮ್ ಮಗ್ಳು ನಾಚ್ಕೊತಾಳೆ." ಎಲೆಗಳ ಮುಂದೆ ಕೈಗಳು ನಿಂತವು. ನನ್ನ ಅತ್ತೆ ಗೌರಮ್ಮ ಅಂದಿನ ಮೌನಗಿತ್ತಿ, ಅಂದರೆ ಊರಿನ ಮದುವೆಗಳಲ್ಲಿ ತಾಳಿ ಕಟ್ಟುವ ಗಳಿಗೆಗೆ ಮದುಮಗಳ ಕೈಹಿಡಿದು ನಿಲ್ಲುವವರು. ನಮ್ಮಲ್ಲಿ ತಾಳಿ ಕಟ್ಟುವಾಗ ಓಲಗವಿಲ್ಲ. ಒಂದು ಸೊಲ್ಲೂ ಇರಬಾರದು, ಯಾವ ಹೊಟ್ಟೆಯೂ ಉಲಿಯಬಾರದು. ಉಲಿದರೆ ಗಳಿಗೆ ಕೆಟ್ಟಿತೆಂದು ಅಯ್ಯನವರು ಮುಂದಿನ ಮುಹೂರ್ತ ಹುಡುಕುತ್ತಾರೆ. ಅಂಥ ಅತ್ತೆಯ ಮನೆಯಲ್ಲಿ ನನ್ನ ಅಪ್ಪ ಮುದ್ದೆ ಕೇಳಿದ್ದ. ಮಾರನೆಯ ದಿನದಿಂದ ನನಗೆ ಬಿಳಿಯೂಟ ಶುರುವಾಯಿತು. ಅಪ್ಪ ಮೊದಮೊದಲು ಗೊಣಗಿದ, ಆಮೇಲೆ ದಿನಕ್ಕೊಂದು ಮಾತಾಡಿದ, ಕಡೆಗೆ ಕೆಮ್ಮಿದ, ಒಂದು ದಿನ ಅದೂ ನಿಂತಿತು. ನಾನು ಹಿತ್ತಿಲಲ್ಲಿ ಕೂತು ಕದ್ದು ಅತ್ತುಕೊಂಡೆ. ಆಮೇಲೆ ಅಭ್ಯಾಸವಾಯಿತು.

ಅಭ್ಯಾಸವಾದದ್ದಷ್ಟೇ ಅಲ್ಲ, ನಾನು ಅದರಲ್ಲಿ ಎಲ್ಲರನ್ನೂ ಮೀರಿಸಿದೆ. ಕೆಲಸ ಯಾವುದಾದರೂ ಅರೆಬರೆ ಮಾಡುವುದು ನನ್ನ ಜಾಯಮಾನವಲ್ಲ. ಅತ್ತೆ ತೀರಿಕೊಂಡ ಮೇಲೆ ಊರು ನನ್ನನ್ನೇ ಮೌನಗಿತ್ತಿ ಮಾಡಿತು. ನನ್ನ ಹೊಟ್ಟೆ ಕಲ್ಲಿನಷ್ಟು ಸುಮ್ಮನಿರುತ್ತಿತ್ತು. ನಾನು ಮಂಟಪ ಹತ್ತಿದರೆ ಎದುರಿನ ಹೆಂಗಸರು ಅಂಜಿ ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದರು. ಅತ್ತೆಯೂ ಪೂರ್ತಿ ಹೋಗಿರಲಿಲ್ಲ ಅನ್ನಿ. ನನ್ನ ಗಂಡ ಮಲ್ಲಾರಾಧ್ಯರಿಗೆ ಮೊದಲ ತುತ್ತು ಇಟ್ಟವರು ಅವರೇ. ಬದುಕಿದ್ದಾಗ ತುಟಿ ಬಿಚ್ಚದಿದ್ದ ಹೆಂಗಸು ಮಗನ ಹೊಟ್ಟೆಯಲ್ಲಿ ಕೂತು ಬೆಳಗಿನಿಂದ ಸಂಜೆಯವರೆಗೆ ಒಗ್ಗರಣೆ ಸೀದಿದೆ, ಹುಳಿ ಜಾಸ್ತಿಯಾಗಿದೆ ಎಂದು ತಪ್ಪು ಹುಡುಕುತ್ತಿದ್ದರು. ಇವರ ಸೈಕಲ್ ಅಂಗಡಿಗೆ ಬರುವವರೂ ಅತ್ತೆಯನ್ನು ಮಾತಾಡಿಸಿಕೊಂಡೇ ಪಂಕ್ಚರ್ ಹಾಕಿಸುತ್ತಿದ್ದರು.

ನಮ್ಮ ಒಬ್ಬಳೇ ಮಗಳು ದಾಕ್ಷಾಯಿಣಿಗೆ ಮೊದಲ ತುತ್ತು ಇಟ್ಟವಳು ನಾನು. ಹಾಗಾಗಿ ನನ್ನ ಹೊಟ್ಟೆ ಸುಮ್ಮನಿದ್ದರೂ ನನ್ನ ಪ್ರಾಯದ ದನಿ ಮನೆತುಂಬ ಓಡಾಡುತ್ತಿತ್ತು. ಬೋಂಡ ಬೇಕು, ಮಾವಿನಕಾಯಿ ಬೇಕು ಎಂದು ಅದು ಕೇಳುವಾಗ ನಾನೇ ಎಂದೂ ಬಾಯಿಬಿಟ್ಟು ಕೇಳದೆ ಬಿಟ್ಟದ್ದನ್ನೆಲ್ಲ ಕೇಳುತ್ತಿದೆ ಅನಿಸುತ್ತಿತ್ತು.

ದಾಕ್ಷಾಯಿಣಿಯ ನಿಶ್ಚಿತಾರ್ಥವಾದ ವರ್ಷವೇ ನನ್ನ ಕಾಲು ಕೈಕೊಟ್ಟಿತು. ಸಕ್ಕರೆ ಕಾಯಿಲೆ ಅದಕ್ಕೂ ಮುಂಚೆಯೇ ಬಂದಿತ್ತು. ಊರಿಗೆಲ್ಲ ಅದೊಂದು ಒಗಟು, ಏಕೆಂದರೆ ಹಬ್ಬದ ಹೋಳಿಗೆಯನ್ನೂ ಮೂಸಿ ನೋಡದವಳು ನಾನು. ಮಾತ್ರೆ ಆಯಿತು, ಇನ್ಸುಲಿನ್ ಬಂತು, ಡೋಸ್ ಏರುತ್ತ ಹೋಯಿತು, ಸಕ್ಕರೆ ಮಾತ್ರ ಜಗ್ಗಲಿಲ್ಲ. ಅಷ್ಟರಲ್ಲಿ ಹೊಸ್ತಿಲು ಎಡವಿ ಬಲಗಾಲಿನ ಹೆಬ್ಬೆರಳಿಗೆ ಗಾಯವಾಯಿತು. ಮುಚ್ಚಲಿಲ್ಲ. ಬಟ್ಟೆ ಸುತ್ತಿದೆ, ಅರಿಶಿನ ಹಚ್ಚಿದೆ, ಆಸ್ಪತ್ರೆಯಲ್ಲಿ ಕಟ್ಟು ಕಟ್ಟಿಸಿದೆ. ವಾರಗಳು ಹೋದರೂ ಅದು ಬಾಯಿ ತೆರೆದುಕೊಂಡೇ ಇತ್ತು.

ಆಸ್ಪತ್ರೆಗೆ ಹೊಸದಾಗಿ ಬಂದಿದ್ದವರು ಡಾಕ್ಟರ್ ಇಮ್ತಿಯಾಜ್. ಪರವೂರಿನವರು, ಅವರ ಹೊಟ್ಟೆ ಬರೀ ಗುಡುಗುಡು ಅನ್ನುತ್ತಿತ್ತು, ಪಾಪ. ಕಾಲು ನೋಡಿದವರು ಗಾಯ ಹೀಗೇ ಇದ್ದರೆ ಬೆರಳು ಉಳಿಯುವುದು ಕಷ್ಟ, ಕೀವು ಮೇಲಕ್ಕೆ ಹತ್ತಿದರೆ ಪಾದಕ್ಕೂ ಅಪಾಯ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ನಾನು ಆರು ತಿಂಗಳಿಗೆ ಮಗಳ ಮದುವೆ ಇದೆ, ಕೈಹಿಡಿದು ನಿಲ್ಲಬೇಕಾದವಳು ನಾನೇ, ಅಷ್ಟರೊಳಗೆ ಕಾಲು ಸರಿಮಾಡಿಕೊಡಿ ಎಂದೆ. ಅವರು ಸ್ಟೆತಾಸ್ಕೋಪನ್ನು ಎದೆಯ ಮೇಲೆ ಇಟ್ಟು, ಆಮೇಲೆ ಹೊಟ್ಟೆಯ ಮೇಲೆ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. ಏನೂ ಕೇಳಿಸುವುದಿಲ್ಲ ಬಿಡಿ, ಊರಲ್ಲೇ ಹೆಸರಾದ ಹೊಟ್ಟೆ ಎಂದು ನಾನು ಬೀಗಿದೆ. ಅವರು ನಗಲಿಲ್ಲ. ಏನೇನು ತಿನ್ನುತ್ತೀರಿ ಎಂದು ಕೇಳಿದರು, ರಕ್ತ ಮಲ ಎರಡನ್ನೂ ಪರೀಕ್ಷೆಗೆ ಕಳಿಸಿದರು, ವಾರ ಬಿಟ್ಟು ಬನ್ನಿ ಎಂದರು.

ವಾರ ಬಿಟ್ಟು ಹೋದಾಗ ನನ್ನನ್ನೂ ನನ್ನ ಗಂಡನನ್ನೂ ಎದುರಿಗೆ ಕೂರಿಸಿಕೊಂಡರು. "ನಿಮ್ಮ ಹೊಟ್ಟೆ ಹೊರಗಿನವರಿಗೆ ಮಾತ್ರ ಸುಮ್ಮನಿದೆ ಅಮ್ಮಾ. ಒಳಗೆ ದೊಡ್ಡ ಗಲಾಟೆ. ಕರುಳು ಊದ್ಕೊಂಡು ಉರೀತಾ ಇದೆ. ಅದರ ಗೋಡೆ ಸಡಿಲ ಆಗಿ, ಒಳಗೇ ಇರಬೇಕಾದ ಕೊಳೆ ಚೂರುಚೂರು ರಕ್ತಕ್ಕೆ ಸೋರ್ತಿದೆ. ಅದನ್ನ ಕಂಡು ಮೈಯೆಲ್ಲ ಜಗಳಕ್ಕೆ ನಿಂತಿದೆ. ನಾವು ಚುಚ್ಚೋ ಇನ್ಸುಲಿನ್ ಒಂದೊಂದು ಜೀವಕೋಶದ ಹತ್ರಾನೂ ಹೋಗಿ, ಸಕ್ಕರೆ ಬಂದಿದೆ, ಒಳಗೆ ತಗೊಳ್ಳಿ ಅಂತ ಕೇಳುತ್ತೆ. ಆ ಜಗಳದಲ್ಲಿ ಅದರ ಮಾತು ಯಾರ ಕಿವಿಗೂ ಬೀಳ್ತಿಲ್ಲ. ನಾನು ಡೋಸ್ ಜಾಸ್ತಿ ಮಾಡಿದ್ರೆ ಇನ್ನೂ ಸ್ವಲ್ಪ ಜೋರಾಗಿ ಕೂಗಿಸಿದ ಹಾಗೆ, ಅಷ್ಟೆ."

ನಾನು ಇಷ್ಟು ವರ್ಷ ಸೊಪ್ಪುಸದೆ ಒಂದೂ ಹಾಕದೆ ಅಷ್ಟು ಜೋಪಾನ ಮಾಡಿದ ಕರುಳು ಉರಿಯುವುದು ಹೇಗೆ ಎಂದು ವಾದಿಸಿದೆ. ಅದಕ್ಕೇ ಉರಿಯುವುದು ಎಂದರು ಡಾಕ್ಟರು. ಕರುಳಲ್ಲಿ ಕೋಟಿಗಟ್ಟಲೆ ಸಣ್ಣ ಜೀವಿಗಳು ಇವೆಯಂತೆ, ನಾರು ಇರುವ ಊಟ ಅವುಗಳ ಪಾಲಂತೆ. ಅವು ಉಂಡರೆ ಕರುಳಿನ ಗೋಡೆಯನ್ನು ಕಾಯುತ್ತವೆ. ನಾನು ಸೋಸಿ ಸೋಸಿ ಅವುಗಳ ಪಾಲನ್ನು ಹಿತ್ತಿಲಿಗೆ ಚೆಲ್ಲಿದ್ದೆ, ಹಸಿದ ಜೀವಿಗಳು ಗೋಡೆಯ ಮೇಲಿನ ಲೋಳೆಯನ್ನೇ ಮೇಯತೊಡಗಿದ್ದವು. ಮೈಯ ವಿಷಯ, ಇದೊಂದೇ ಕಾರಣ ಎಂದು ಆಣೆ ಮಾಡಿ ಹೇಳಲಾರೆ, ಆದರೆ ನಿಮ್ಮ ವಿಷಯದಲ್ಲಿ ದೊಡ್ಡ ಕಾರಣ ಇದೇ ಅಂತ ನನ್ನ ಲೆಕ್ಕ ಎಂದರು. ಇನ್ಸುಲಿನ್ ಬಿಡುವಂತಿಲ್ಲ, ಗಾಯಕ್ಕೆ ದಿನವೂ ಕಟ್ಟು, ಅದರ ಜೊತೆಗೆ ಬಿಳಿಯೂಟ ಬಂದ್. ಸಾವಕಾಶವಾಗಿ ಸೊಪ್ಪು, ಕಾಳು, ರಾಗಿ, ಮಜ್ಜಿಗೆ. ಹಾಗೆ ಮಾಡಿದರೆ ನನ್ನ ಹೊಟ್ಟೆ ಮಾತಾಡುತ್ತದೆ ಎಂದೆ. "ಮಾತಾಡ್ಲಿ. ನಂಗೂ ಕೇಳಬೇಕು" ಎಂದರು ಆ ಮಹಾರಾಯ.

ದಾರಿಯುದ್ದಕ್ಕೂ ನಾನು ಬೈದುಕೊಂಡೇ ಬಂದೆ. ಬೆರಳು ಹೋದರೆ ಮಂಟಪದಲ್ಲಿ ನಿಲ್ಲಲಾರೆ, ಬೆರಳು ಉಳಿಸಿಕೊಂಡರೆ ಹೊಟ್ಟೆ ಉಲಿದು ಮಂಟಪವೇ ಹತ್ತಲಾರೆ. ಇದೆಂಥ ನ್ಯಾಯ ಎಂದು ಗಂಡನನ್ನು ಕೇಳಿದೆ. ಅವರು ಯಾವತ್ತೂ ನನ್ನ ಮೇಲೆ ಜೋರು ಮಾಡಿದವರಲ್ಲ, ಆವತ್ತೂ ಮಾಡಲಿಲ್ಲ. ಸೈಕಲ್ ತಳ್ಳಿಕೊಂಡು ನನ್ನ ಕುಂಟು ನಡಿಗೆಗೆ ಸರಿಯಾಗಿ ನಡೆಯುತ್ತಿದ್ದರು. "ಅಷ್ಟು ಜನರ ಮದ್ವೇಲಿ ನಿಂತಿದ್ದೀಯ. ನಂಗೆ ನೀನು ಮನೇಲಿ ನಡೆದಾಡ್ಕೊಂಡಿದ್ರೆ ಸಾಕು" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ನಾನು ಬೈಯುವುದನ್ನು ನಿಲ್ಲಿಸಿದೆ.

ಮಧ್ಯಾಹ್ನ ಅವರಿಗೆ ಹುರುಳಿಕಾಳಿನ ಸಾರು ಬಡಿಸುತ್ತಿದ್ದೆ. ಎರಡು ತುತ್ತು ಇಳಿಯುತ್ತಿದ್ದಂತೆ ಅವರ ಹೊಟ್ಟೆಯಿಂದ ಅತ್ತೆಯ ದನಿ ಬಂತು. ನಾನು ಹುಳಿಯ ಬಗ್ಗೆ ತಕರಾರು ಇರುತ್ತದೆ ಎಂದು ಕಾದೆ. "ಸಾರು ಹದವಾಗೈತೆ. ಅವ್ಳಿಗೂ ಹಾಕೋ" ಎಂದರು ಅತ್ತೆ. ನಾನು ಗಂಡನ ಮುಖ ನೋಡಿದೆ. ಬಿಳಿಯೂಟದ ಮೊದಲ ಬಟ್ಟಲು ಇಟ್ಟವರೇ ಇವರು. ಗಂಡ ತಾನೇನೂ ಹೇಳಿಕೊಟ್ಟಿಲ್ಲ ಎಂದು ಲಿಂಗ ಮುಟ್ಟಿ ಆಣೆ ಮಾಡಿದರು. ನನಗೆ ಇವತ್ತಿಗೂ ಅನುಮಾನವಿದೆ. ಆದರೆ ಅತ್ತೆಯ ಮಾತು ಮೀರಿ ನನಗೆ ಅಭ್ಯಾಸವಿರಲಿಲ್ಲ, ಒಂದು ಸೌಟು ನನ್ನ ಬಟ್ಟಲಿಗೂ ಹಾಕಿಕೊಂಡೆ.

ಸುಖವಾಗಿ ನಡೆಯಿತು ಎಂದು ಹೇಳಲಾರೆ. ಮೊದಲ ದಿನಗಳು ಹೊಟ್ಟೆ ಉಬ್ಬರಿಸಿ ಯಾವ ಕುಪ್ಪಸವೂ ಕೂರಲಿಲ್ಲ. ಡಾಕ್ಟರು ಅವಸರ ಮಾಡಬೇಡಿ, ಚಮಚದ ಲೆಕ್ಕದಲ್ಲಿ ಏರಿಸಿ ಎಂದರು. ನಾನು ರಾಗಿ ಅಂಬಲಿಯಿಂದ ಶುರುಮಾಡಿ ಸೊಪ್ಪಿನ ಸಾರಿಗೆ, ಅಲ್ಲಿಂದ ಕಾಳಿಗೆ, ಕಾಳಿನಿಂದ ಮುದ್ದೆಗೆ ಬಂದೆ. ಗುಡುಗುಡು ಶುರುವಾಯಿತು, ಆದರೆ ಬರೀ ಗುಡುಗುಡು, ಡಾಕ್ಟರ ಹೊಟ್ಟೆಯ ಹಾಗೆ. ಮಾತಿಲ್ಲ. ಇಷ್ಟು ವರ್ಷದಲ್ಲಿ ದನಿ ಸತ್ತೇಹೋಯಿತೋ ಏನೋ ಎಂದು ಒಂದು ಕಡೆ ನಿರಾಳವಾಯಿತು. ಇನ್ನೊಂದು ಕಡೆ ಆ ನಿರಾಳ ನನಗೆ ಬೇಡವಾಗಿತ್ತು. ಊಟದ ಮುಂದೆ ಕೂತರೆ ಅಪ್ಪನನ್ನು ಎರಡನೇ ಸಲ ಕಳೆದುಕೊಂಡ ಹಾಗಾಗುತ್ತಿತ್ತು.

ಒಂದು ಬೆಳಿಗ್ಗೆ ನುಗ್ಗೆಸೊಪ್ಪು ಬಿಡಿಸುತ್ತ ಕೂತಿದ್ದೆ. ಹೊಟ್ಟೆಯೊಳಗೆ ಯಾರೋ ಕೆಮ್ಮಿದರು. ಗಾಡಿಯಿಂದ ಇಳಿದು ಬಾಗಿಲಲ್ಲಿ ಧೂಳು ಕೊಡವಿಕೊಳ್ಳುವವನ ಕೆಮ್ಮು. ಆಮೇಲೆ ತುಸು ಗೊಗ್ಗರಾಗಿ, "ನುಗ್ಗೆಸೊಪ್ಪಾ? ಬೆಳ್ಳುಳ್ಳಿ ಮುಂದಾಗಿ ಹಾಕವ್ವ" ಎಂದಿತು. ನಾನು ಸೊಪ್ಪಿನ ಮೊರವನ್ನು ತೊಡೆಯ ಮೇಲಿಟ್ಟುಕೊಂಡೇ ಅತ್ತುಬಿಟ್ಟೆ. ಹಿತ್ತಿಲಲ್ಲಿ ಅತ್ತ ಹಾಗೆ ಕದ್ದು ಅಲ್ಲ, ನಡುಮನೆಯಲ್ಲಿ, ದೊಡ್ಡದಾಗಿ. ದಾಕ್ಷಾಯಿಣಿ ಓಡಿಬಂದು ನೋಡಿ ಕೂತಳು, ತಾತನ ದನಿಯನ್ನು ಅವಳು ಕೇಳಿದ್ದು ಅದೇ ಮೊದಲು. ಬೆಳ್ಳುಳ್ಳಿಯನ್ನು ಅವಳೇ ಸುಲಿದಳು.

ಸಕ್ಕರೆ ಇಳಿಯತೊಡಗಿತು. ಡಾಕ್ಟರು ಪ್ರತಿಸಲ ಪರೀಕ್ಷೆ ಮಾಡಿ ಡೋಸನ್ನು ತುಸು ತುಸುವೇ ಕಡಿಮೆ ಮಾಡುತ್ತ ಬಂದರು. ಗಲಾಟೆ ತಗ್ಗಿದೆ, ಈಗ ಮೆಲ್ಲಗೆ ಹೇಳಿದರೂ ಮೈ ಕೇಳಿಸಿಕೊಳ್ಳುತ್ತಿದೆ ಎಂದರು. ಗಾಯದ ಅಂಚು ಕೆಂಪಾಯಿತು, ಒಳಗಿನಿಂದ ಹೊಸ ಚರ್ಮ ಬಂತು, ಮದುವೆಗೆ ತಿಂಗಳಿರುವಾಗ ಪೂರ್ತಿ ಮುಚ್ಚಿಕೊಂಡಿತು. ನಾನು ಬರಿಗಾಲಲ್ಲಿ ಅಂಗಳ ದಾಟಿ ತುಳಸಿಕಟ್ಟೆಗೆ ನೀರು ಹಾಕಿ ಬಂದೆ. ಅಪ್ಪನೂ ಮೈತುಂಬಿಕೊಂಡ. ಸಂತೆಯಲ್ಲಿ, ಬ್ಯಾಂಕಿನಲ್ಲಿ, ಎಲ್ಲೆಂದರಲ್ಲಿ ಮಾತಾಡುತ್ತಿದ್ದ. ಮೌನಗಿತ್ತಿಯ ಹೊಟ್ಟೆಯಲ್ಲಿ ಗಂಡಸು ಎಂದು ಊರು ಕಿವಿ ನಿಮಿರಿಸಿತು. ನಿಮಿರಿಸಲಿ ಎಂದು ನಾನು ಸೆರಗು ಸರಿಮಾಡಿಕೊಂಡು ನಡೆದೆ.

ಬೀಗರಿಗೆ ಮುಚ್ಚಿಡುವುದು ನನಗೆ ಸರಿಬರಲಿಲ್ಲ. ಹುಡುಗನ ತಾಯಿ ಸರ್ವಮಂಗಳಮ್ಮನ ಮನೆಗೆ ನಾನೇ ಹೋಗಿ, ನನ್ನ ಹೊಟ್ಟೆ ಮಾತಾಡುತ್ತದೆ, ಧಾರೆಗೆ ಬೇರೆ ಹೆಂಗಸನ್ನು ನಿಲ್ಲಿಸುತ್ತೇವೆ ಎಂದೆ. ಆಕೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ, ಹುಡುಗಿಯ ಇಷ್ಟ ಎಂದು ನನ್ನ ಮಗಳ ಕಡೆಗೆ ಮಾತು ತಳ್ಳಿದರು. ದಾಕ್ಷಾಯಿಣಿ ಕೇಳಿದ್ದೇ ತಡ, ಕೈಹಿಡಿಯುವುದಿದ್ದರೆ ಅವ್ವನೇ ಹಿಡಿಯಬೇಕು, ಇಲ್ಲದಿದ್ದರೆ ನಾನು ಮಂಟಪ ಹತ್ತುವುದಿಲ್ಲ ಎಂದು ಕೂತಳು. ಹಟದಲ್ಲಿ ಅವಳು ನನ್ನ ಮಗಳೇ. ಅವಳಿಗೂ ನಿಶ್ಚಿತಾರ್ಥದಿಂದ ಬಿಳಿಯೂಟ ನಡೆಯುತ್ತಿತ್ತು. ಮದುಮಗಳಿಗೆ ಅದು ತಪ್ಪುವುದಿಲ್ಲ, ನಾನು ಬೇಡವೆಂದರೂ ಬೀಗರ ಕಡೆಯಿಂದ ರಸ್ಕಿನ ಡಬ್ಬಿ ಬಂದೇ ಬರುತ್ತಿತ್ತು. ಮಗಳ ಹೊಟ್ಟೆಯಲ್ಲಿ ನನ್ನ ದನಿ ಕೇಳದೆ ಮನೆ ಬಿಕೋ ಎನ್ನುತ್ತಿತ್ತು. ಇತ್ತೀಚೆಗೆ ಮಾತ್ರ ಒಲೆಯ ಪಕ್ಕ ಮುಚ್ಚಿಟ್ಟ ಮುದ್ದೆ ಒಂದೊಂದು ಕಡಿಮೆಯಾಗುತ್ತಿತ್ತು. ನಾನು ಅದನ್ನು ಬೆಕ್ಕಿನ ತಲೆಗೆ ಕಟ್ಟಿದ್ದೆ.

ಮದುವೆಗೆ ಮೂರು ದಿನವಿರುವಾಗ ನನಗೂ ಆಸೆ ಹುಟ್ಟಿತು. ಮೂರೇ ದಿನ ಬಿಳಿಯೂಟ ಮಾಡಿದರೆ ಅಪ್ಪ ಕೆಮ್ಮಿನಷ್ಟಕ್ಕೆ ಇಳಿಯುತ್ತಾನೆ, ಗಳಿಗೆ ನೆಟ್ಟಗೆ ದಾಟುತ್ತದೆ. ಡಬ್ಬಿಯಿಂದ ರಸ್ಕೊಂದನ್ನು ಕೈಗೆ ತೆಗೆದುಕೊಂಡೆ. "ಏನವ್ವ ಅದು" ಎಂದ ಅಪ್ಪ. ಹೆದರಿದ ದನಿಯೇನಲ್ಲ, ಮಗಳು ಏನೋ ಹೊಸದು ತಂದಿದ್ದಾಳೆ ಎಂಬ ಕುತೂಹಲ ಅಷ್ಟೆ. ನಾನು ರಸ್ಕನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದೆ. ಹೋದವನನ್ನು ಕರೆದು ಮತ್ತೆ ಕಳಿಸುವ ಮನಸ್ಸು ನನಗಿರಲಿಲ್ಲ.

ಧಾರೆಯ ದಿನ ಮಂಟಪದ ಮುಂದೆ ಊರೇ ನೆರೆದಿತ್ತು. ಮುಂದಿನ ಸಾಲಿನಲ್ಲಿ ಡಾಕ್ಟರು ಕೂತು, ತಮ್ಮ ಗುಡುಗುಡು ಗಳಿಗೆ ಕೆಡಿಸೀತೆಂದು ಹೊಟ್ಟೆಯ ಮೇಲೆ ದಿಂಬೊಂದನ್ನು ಒತ್ತಿಕೊಂಡಿದ್ದರು. ಅಯ್ಯನವರು ಕೈಯೆತ್ತಿದರು, ಓಲಗ ನಿಂತಿತು. ಮಕ್ಕಳ ಬಾಯಿಗೆ ತಾಯಂದಿರು ಕೈಯಿಟ್ಟರು. ನಾನು ಎರಡು ಪಾದವನ್ನೂ ನೆಲಕ್ಕೆ ಊರಿ, ಮಗಳ ಬಲಗೈ ಹಿಡಿದು ನಿಂತೆ. ಹುಡುಗ ತಾಳಿ ಎತ್ತಿಕೊಂಡ. ಆಗ ನನ್ನ ಅಪ್ಪ, ಮೂರು ಹೊಲದಾಚೆಗೆ ಕೇಳುವ ಗಂಟಲಿನಲ್ಲಿ, "ಉಂಡ್ಯೇನವ್ವಾ" ಎಂದು ಕೇಳಿದ.

ಹುಡುಗನ ಕೈ ನಿಂತಿತು. ಅಯ್ಯನವರು ಆಗಲೇ ಪಂಚಾಂಗಕ್ಕೆ ಕೈಹಾಕಿದ್ದರು. ಗುಜುಗುಜು ಎದ್ದಿತು. ನನ್ನ ಮುಖ ಬಿಸಿಯಾಯಿತು, ಆದರೆ ತಲೆ ತಗ್ಗಿಸಲಿಲ್ಲ. ಸರ್ವಮಂಗಳಮ್ಮ ಎದ್ದು ನನ್ನ ಹತ್ತಿರ ಬಂದು ಇದು ಯಾರು ಎಂದು ಕೇಳಿದರು. ನಮ್ಮಪ್ಪ ಎಂದೆ, ನಾನು ನಾಲ್ಕು ವರ್ಷದವಳಿದ್ದಾಗ ಹೋದರು ಎಂದೆ. ಆಕೆ ನನ್ನ ಹೊಟ್ಟೆಯ ಕಡೆಗೆ, ಹಿರಿಯರು ಎದುರಿಗೆ ಬಂದಾಗ ಮಾಡುವ ಹಾಗೆ, ಸೆರಗು ಹೊದ್ದು ಕೈಮುಗಿದರು. ಆಮೇಲೆ ಮಗನ ಕಡೆ ತಿರುಗಿ, "ಹುಡುಗಿ ತಾತ ಬಂದವ್ರೆ. ಅವರ ಮುಂದೆ ಕಟ್ಟೋಕೆ ಯಾವ ಮುಹೂರ್ತ ಬೇಕಪ್ಪಾ, ಕಟ್ಟು" ಎಂದರು.

ಹುಡುಗ ಬಾಗಿದ. ಮತ್ತೆ ಸದ್ದಡಗಿತು. ನನ್ನ ಕೈಯೊಳಗೆ ದಾಕ್ಷಾಯಿಣಿಯ ಕೈ ಬೆವರುತ್ತಿತ್ತು, ಅವಳು ನಗು ತಡೆದು ತುಟಿ ಕಚ್ಚಿಕೊಂಡಿದ್ದಳು. ಅವಳ ರೇಷ್ಮೆ ಸೀರೆಯ ಹಿಂದಿನಿಂದ, ತಿಂಗಳುಗಟ್ಟಲೆ ರಸ್ಕು ತಿಂದದ್ದೆಂದು ನಾನು ನಂಬಿದ್ದ ಹೊಟ್ಟೆಯಿಂದ, ಉತ್ತರ ಬಂತು.

"ಇಲ್ಲಪ್ಪ, ಹಸಿವು. ನಂಗೂ ಇಕ್ಕು."

ಅದು ನನ್ನ ದನಿ. ಮದುವೆಯಾಗಿ ಬಂದ ಮೊದಲ ದಿನ ಪಂಕ್ತಿಯಲ್ಲಿ ಕೂತು ನಾನು ಹೇಳಬೇಕಿದ್ದ ಮಾತು. ತಾಳಿಯ ಮೂರನೇ ಗಂಟು ಬೀಳುವವರೆಗೆ ನಾನು ಹೇಗೋ ತಡೆದುಕೊಂಡೆ. ಆಮೇಲೆ ಕಣ್ಣೊರೆಸಿಕೊಂಡು, ಅಡಿಗೆಯವರಿಗೆ ಎಲೆ ಹಾಕಲು ಹೇಳಿ, ಮದುಮಗಳ ಎಲೆಗೆ ಮುದ್ದೆಯನ್ನು ನನ್ನ ಕೈಯಾರೆ ಇಕ್ಕಿದೆ.